ಬುಸಾನ್‌ನಲ್ಲಿ ಒಂದು ವಾರ: ಅವಸರವಿಲ್ಲದ ಕಡಲತೀರ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ದಕ್ಷಿಣ ಕೊರಿಯಾದ ಎರಡನೆಯ ಅತಿ ದೊಡ್ಡ ನಗರವಾದ ಬುಸಾನ್, ಬೆಟ್ಟದ ಸಾಲುಗಳು ನೇರವಾಗಿ ಸಮುದ್ರಕ್ಕೆ ಇಳಿಯುವ ಆಗ್ನೇಯ ತುದಿಯಲ್ಲಿ ಹಬ್ಬಿಕೊಂಡಿದೆ. ಮೂವತ್ತು ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಈ ಊರಿಗೆ ಇದೇ ನಡುಭಾಗ ಎಂದು ತೋರಿಸಬಹುದಾದ ಒಂದು ಜಾಗವಿಲ್ಲ. ಕಣಿವೆಗೊಂದು ಬಡಾವಣೆ, ಕೊಲ್ಲಿಗೊಂದು ಮರಳದಂಡೆ ಎಂಬಂತೆ ಅದು ಬೆಳೆದಿದೆ. ನಕ್ಷೆಯಲ್ಲಿ ಅಕ್ಕಪಕ್ಕ ಕಾಣುವ ಎರಡು ಸ್ಥಳಗಳ ನಡುವೆ ಬೆಟ್ಟವೋ ಬಂದರೋ ಅಡ್ಡ ಬರುವುದರಿಂದ, ಪ್ರವಾಸ ಸಂಸ್ಥೆಗಳು ಸೋಲ್ ಯಾತ್ರೆಯ ಬಾಲಕ್ಕೆ ಕಟ್ಟುವ ಎರಡು ದಿನಗಳ ಬುಸಾನ್ ದರ್ಶನದಲ್ಲಿ ಹೆಚ್ಚಿನ ಹೊತ್ತು ವಾಹನದಲ್ಲಿಯೇ ಕಳೆದುಹೋಗುತ್ತದೆ. ವಿಶ್ರಾಂತಿಗೆಂದು ಹೋಗುವವರು ಅನುಸರಿಸಬೇಕಾದ ಕ್ರಮ ಬೇರೆಯೇ ಇದೆ: ಇಡೀ ವಾರ ಒಂದೇ ಕಡೆ ತಂಗಬೇಕು, ದಿನಕ್ಕೆ ಒಂದೇ ದಿಕ್ಕಿಗೆ ಹೋಗಬೇಕು, ಮಧ್ಯಾಹ್ನದ ನಂತರದ ಹೊತ್ತನ್ನು ಯಾವ ಯೋಜನೆಗೂ ಕೊಡದೆ ಕಡಲಿಗೆ ಬಿಡಬೇಕು. ಈ ಮಾರ್ಗದರ್ಶಿಯ ಎಲ್ಲ ಸಲಹೆಗಳೂ ಈ ಮೂರು ಮಾತುಗಳಿಂದಲೇ ಹುಟ್ಟಿವೆ.

ಮೊದಲ ಹೆಜ್ಜೆ: ಕಾಲವನ್ನು ಆರಿಸಿಕೊಳ್ಳುವುದು

ಸಮುದ್ರದಲ್ಲಿ ಈಜಲೇಬೇಕು ಎನ್ನುವವರಿಗೆ ಜುಲೈ ಮತ್ತು ಆಗಸ್ಟ್ ಬಿಟ್ಟು ಬೇರೆ ದಾರಿ ಹೆಚ್ಚಿಲ್ಲ, ಏಕೆಂದರೆ ಜೀವರಕ್ಷಕರು ಕಾವಲಿರುವ ಅಧಿಕೃತ ಈಜುಗಾಲ ಮುಖ್ಯವಾಗಿ ಆ ತಿಂಗಳುಗಳಲ್ಲೇ ಬರುತ್ತದೆ. ಆದರೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಅಲ್ಲಿಯ ಮಳೆಗಾಲ, ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಸಾಧ್ಯತೆ, ಅದರ ಮೇಲೆ ಇಡೀ ದೇಶವೇ ರಜೆಗೆಂದು ಬಂದಿಳಿಯುವ ನೂಕುನುಗ್ಗಲು, ಏರಿದ ಕೋಣೆ ಬಾಡಿಗೆ. ನಡೆದಾಟ, ನೋಟ ಮತ್ತು ನೆಮ್ಮದಿ ಬೇಕಾದವರು ಅಕ್ಟೋಬರ್ ಅಥವಾ ನವೆಂಬರ್ ಮೊದಲ ಭಾಗವನ್ನು ಆರಿಸಿಕೊಳ್ಳಲಿ. ಆಕಾಶ ತಿಳಿಯಾಗಿರುತ್ತದೆ, ಹಗಲಲ್ಲಿ ತೆಳುವಾದ ಸ್ವೆಟರ್ ಸಾಕಾಗುತ್ತದೆ. ಚೆರ್ರಿ ಹೂವುಗಳಿಗಾಗಿ ಹೋಗುವವರಿಗೆ ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ದಿನಗಳು ಸರಿಯಾದ ಹೊತ್ತು. ಚಳಿಗಾಲ ಸೋಲ್‌ನಷ್ಟು ಕಠಿಣವಲ್ಲವಾದರೂ ಕಡಲಗಾಳಿ ಮೂಳೆಗೆ ತಾಗುತ್ತದೆ. ಯಾವ ತಿಂಗಳಾದರೂ ಚಾಂದ್ರಮಾನ ಹೊಸವರ್ಷ ಮತ್ತು ಚುಸೊಕ್ ಎಂಬ ಸುಗ್ಗಿ ಹಬ್ಬದ ದಿನಾಂಕಗಳನ್ನು ನೋಡಿಕೊಂಡು ಅವುಗಳಿಂದ ದೂರವಿರಿ. ಆ ದಿನಗಳಲ್ಲಿ ರೈಲು ಟಿಕೆಟ್ ಸಿಗುವುದಿಲ್ಲ, ಚಿಕ್ಕ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ಎರಡನೆಯ ಹೆಜ್ಜೆ: ವೀಸಾ, ವಿಮಾನ ಮತ್ತು ಫೋನ್

ಭಾರತದ ಪಾಸ್‌ಪೋರ್ಟ್ ಉಳ್ಳವರು ಹೊರಡುವ ಮುನ್ನವೇ ವೀಸಾ ಪಡೆಯಬೇಕು. ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆಯ ದಾಖಲೆ, ಉದ್ಯೋಗ ಅಥವಾ ವ್ಯವಹಾರದ ಪತ್ರ, ಪ್ರವಾಸದ ದಿನಚರಿ, ಕೋಣೆ ಕಾಯ್ದಿರಿಸಿದ ಪತ್ರ ಇವುಗಳನ್ನು ಒಟ್ಟುಗೂಡಿಸಿ ಸಾಕಷ್ಟು ಮುಂಚಿತವಾಗಿ ಅರ್ಜಿ ಹಾಕಿ, ವೀಸಾ ಕೈಗೆ ಬರುವವರೆಗೆ ರದ್ದುಮಾಡಲಾಗದ ಟಿಕೆಟ್ ಕೊಳ್ಳಬೇಡಿ.

ಬೆಂಗಳೂರಿನಿಂದ ಹೊರಡುವವರು ಸಿಂಗಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸಿ ಬುಸಾನ್‌ನ ಗಿಮ್ಹೇ ವಿಮಾನ ನಿಲ್ದಾಣದಲ್ಲೇ ಇಳಿಯುವ ಮಾರ್ಗವನ್ನು ಮೊದಲು ಹುಡುಕುವುದು ಒಳ್ಳೆಯದು. ಸೋಲ್ ಬಳಿಯ ಇಂಚೊನ್‌ನಲ್ಲಿ ಇಳಿದರೆ ಸೋಲ್ ನಗರಕ್ಕೆ ಹೋಗಿ ಅಲ್ಲಿಂದ ವೇಗದ ರೈಲು ಹಿಡಿಯಬೇಕು. ರೈಲಿನ ಪ್ರಯಾಣ ಎರಡೂವರೆ ಗಂಟೆಯ ಆಸುಪಾಸಿನದಾದರೂ ವಿಮಾನದಲ್ಲಿ ರಾತ್ರಿಯಿಡೀ ಕುಳಿತು ಬಂದವರಿಗೆ ಅದು ಭಾರವೇ ಸರಿ. ಟಿಕೆಟ್ಟಿನ ಬೆಲೆಯಲ್ಲಿ ತುಸು ವ್ಯತ್ಯಾಸವಿದ್ದರೂ ನೇರವಾಗಿ ಬುಸಾನ್‌ಗೆ ಇಳಿಯುವುದನ್ನೇ ನಾನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಏಳು ದಿನಗಳ ರಜೆಯಲ್ಲಿ ಹೋಗುವಾಗ ಅರ್ಧ ದಿನ, ಬರುವಾಗ ಅರ್ಧ ದಿನ ಸಣ್ಣ ಮಾತಲ್ಲ.

ಕೊರಿಯಾದಲ್ಲಿ ಗೂಗಲ್ ನಕ್ಷೆ ನಡೆದು ಹೋಗುವ ದಾರಿಯನ್ನು ಸರಿಯಾಗಿ ತೋರಿಸುವುದಿಲ್ಲವೆಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು. ನೇವರ್ ನಕ್ಷೆ ಅಥವಾ ಕಾಕಾವೊ ನಕ್ಷೆ, ಅನುವಾದಕ್ಕೆ ಪಾಪಾಗೊ, ಟ್ಯಾಕ್ಸಿಗೆ ಕಾಕಾವೊ ಟಿ, ಇಷ್ಟನ್ನು ಮನೆಯಲ್ಲೇ ಫೋನಿಗೆ ಹಾಕಿಕೊಂಡು ಒಮ್ಮೆ ಬಳಸಿ ನೋಡಿ. ಅಲ್ಲಿಯ ವಿದ್ಯುತ್ 220 ವೋಲ್ಟ್‌ನದೇ ಆದರೂ ಎರಡು ದುಂಡು ಕಡ್ಡಿಗಳ ಪ್ಲಗ್ ಮಾತ್ರ ಹಿಡಿಯುವುದರಿಂದ ನಮ್ಮ ಮೂರು ಕಡ್ಡಿಗಳ ಚಾರ್ಜರ್‌ಗೆ ಅಡಾಪ್ಟರ್ ಬೇಕು. ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ಹಣದ ಲೆಕ್ಕಕ್ಕೆ ಸಾವಿರ ವೋನ್ ಎಂದರೆ ಅರವತ್ತು ರೂಪಾಯಿಯ ಆಸುಪಾಸು ಎಂದಿಟ್ಟುಕೊಳ್ಳಬಹುದು. ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ, ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಮೂರನೆಯ ಹೆಜ್ಜೆ: ತಂಗುವ ಜಾಗ

ಈ ವಾರದ ಸುಖದುಃಖವನ್ನು ನಿರ್ಧರಿಸುವ ತೀರ್ಮಾನ ಇದೊಂದೇ ಎಂದರೂ ತಪ್ಪಿಲ್ಲ. ಹೆಚ್ಚಿನವರು ಕಣ್ಣು ಮುಚ್ಚಿ ಹೇಉಂದೆಯಲ್ಲಿ ಕೋಣೆ ಹಿಡಿಯುತ್ತಾರೆ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಆ ದಂಡೆ ಸುಂದರವೇ, ಆದರೆ ಅದರ ಬೆನ್ನಿಗೆ ಗಗನಚುಂಬಿ ಹೋಟೆಲುಗಳು ನಿಂತಿವೆ, ಬಾಡಿಗೆಯೂ ಹೆಚ್ಚು. ಹಳೆಯ ಪೇಟೆಯಾದ ನಾಂಪೊ ಅಗ್ಗ, ಊಟ ತಿಂಡಿಗೆ ಅನುಕೂಲ, ಆದರೆ ಮರಳದಂಡೆ ದೂರ. ವಾರದ ವಿಶ್ರಾಂತಿಗೆ ನನ್ನ ಸಲಹೆ ಗ್ವಾಂಗಲ್ಲಿ. ಅದು ಬಾಗಿದ ಬಿಲ್ಲಿನಂಥ ಕೊಲ್ಲಿ. ಎದುರಿಗೆ 2003ರಲ್ಲಿ ಸಂಚಾರಕ್ಕೆ ತೆರೆದ, ಏಳು ಕಿಲೋಮೀಟರಿಗೂ ಉದ್ದವಾದ ಗ್ವಾಂಗಾನ್ ಸೇತುವೆ. ದಂಡೆಯ ಹಿಂದೆ ಕಾಫಿ ಅಂಗಡಿಗಳು, ಅವುಗಳ ಹಿಂದಿನ ಗಲ್ಲಿಗಳಲ್ಲಿ ಊರವರೇ ಹೋಗುವ ದಿನಸಿ ಅಂಗಡಿ, ಲಾಂಡ್ರಿ, ಬೇಕರಿ. ಶನಿವಾರ ರಾತ್ರಿ ನೂರಾರು ಡ್ರೋನ್‌ಗಳು ಸೇತುವೆಯ ಮೇಲಿನ ಆಕಾಶದಲ್ಲಿ ಚಿತ್ರ ಬಿಡಿಸುವ ಪ್ರದರ್ಶನ ಇಲ್ಲಿಯೇ ನಡೆಯುತ್ತದೆ, ಮತ್ತು ಇಡೀ ವಾರ ಇರುವವರಿಗೆ ಶನಿವಾರವೊಂದು ತಾನಾಗಿಯೇ ಸಿಗುತ್ತದೆ.

ಕೋಣೆ ಹಿಡಿಯುವಾಗ ಮೆಟ್ರೋದ ಎರಡನೇ ಮಾರ್ಗದಲ್ಲಿರುವ ಗ್ವಾಂಗಾನ್ ಅಥವಾ ಗುಮ್ನ್ಯೊನ್‌ಸಾನ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರುವುದನ್ನೇ ನೋಡಿ, ಒಲೆ ಮತ್ತು ಬಟ್ಟೆ ತೊಳೆಯುವ ಯಂತ್ರ ಇರುವ ಅಪಾರ್ಟ್‌ಮೆಂಟ್ ಮಾದರಿಯ ವಸತಿ ಸಿಕ್ಕರೆ ಬಿಡಬೇಡಿ. ಸಸ್ಯಾಹಾರಿ ಕುಟುಂಬಗಳಿಗೆ ಆ ಒಲೆಯೇ ಅರ್ಧ ಚಿಂತೆಯನ್ನು ಕಳೆಯುತ್ತದೆ.

ನಾಲ್ಕನೆಯ ಹೆಜ್ಜೆ: ಊಟದ ಸಿದ್ಧತೆ

ಮೀನು, ಮಾಂಸ ತಿನ್ನುವವರಿಗೆ ಬುಸಾನ್ ಹಬ್ಬದ ಊರು. ಹಂದಿಮಾಂಸದ ಸಾರಿಗೆ ಅನ್ನ ಹಾಕಿ ಕೊಡುವ ದ್ವೇಜಿ ಗುಕ್‌ಬಾಪ್, ಕಡ್ಡಿಗೆ ಚುಚ್ಚಿ ಬಿಸಿ ಸಾರಿನಲ್ಲಿ ಅದ್ದಿಟ್ಟ ಮೀನಿನ ಒಮುಕ್, ತಣ್ಣನೆಯ ಸಾರಿನ ಗೋಧಿ ನೂಡಲ್ಸ್ ಆದ ಮಿಲ್‌ಮ್ಯೊನ್ ಇವು ಈ ಊರಿನ ಗುರುತುಗಳು. ಮಿಲ್‌ಮ್ಯೊನ್‌ಗೆ ಯುದ್ಧದ ಚರಿತ್ರೆಯೇ ಇದೆ: 1950ರಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಉತ್ತರದಿಂದ ಓಡಿಬಂದ ನಿರಾಶ್ರಿತರು ತಮ್ಮೂರಿನ ಬಕ್‌ವೀಟ್ ಎಂಬ ಧಾನ್ಯದ ನೂಡಲ್ಸ್‌ಗೆ ಬೇಕಾದ ಹಿಟ್ಟು ಸಿಗದೆ, ನೆರವಿನ ರೂಪದಲ್ಲಿ ಬಂದ ಗೋಧಿಹಿಟ್ಟಿನಿಂದಲೇ ಅದನ್ನು ಮಾಡಿಕೊಂಡರು.

ಸಸ್ಯಾಹಾರಿಗಳು ಮಾತ್ರ ತಿಳಿದು ನಡೆಯಬೇಕು. ತರಕಾರಿ ಸಾರು ಎಂದು ಕಾಣುವುದರ ತಳದಲ್ಲಿ ಒಣಮೀನಿನ ರಸವಿರುವುದು ಸಾಮಾನ್ಯ, ಎಲೆಕೋಸಿನ ಕಿಮ್ಚಿಗೆ ಬಹುಮಟ್ಟಿಗೆ ಮೀನಿನ ಅಥವಾ ಸೀಗಡಿಯ ಉಪ್ಪುರಸ ಬೆರೆತಿರುತ್ತದೆ. ಮಾಂಸ ಬೇಡ ಎಂದರೆ ಹಂದಿ, ದನ ಬೇಡ ಎಂದಷ್ಟೇ ಅರ್ಥಮಾಡಿಕೊಳ್ಳುವವರಿದ್ದಾರೆ. ಆದ್ದರಿಂದ ಮಾಂಸ, ಮೀನು, ಸೀಗಡಿ, ಒಣಮೀನಿನ ಸಾರು, ಮೀನಿನ ರಸ, ಮೊಟ್ಟೆ ಇವುಗಳಲ್ಲಿ ನಿಮಗೆ ಯಾವುದು ಸಲ್ಲದೋ ಅದನ್ನು ಒಂದೊಂದಾಗಿ ಹೆಸರಿಸಿ ಕೊರಿಯನ್ ಭಾಷೆಯಲ್ಲಿ ಬರೆಸಿದ ಚೀಟಿಯೊಂದನ್ನು ಜೊತೆಗಿಟ್ಟುಕೊಂಡು ಅಡುಗೆಯವರಿಗೆ ತೋರಿಸಿ. ಹೆಚ್ಚು ತೊಡಕಿಲ್ಲದೆ ಸಿಗುವುದು ಬಿಬಿಂಬಾಪ್, ಅಂದರೆ ಅನ್ನದ ಮೇಲೆ ಬಗೆಬಗೆಯ ಬೇಯಿಸಿದ ಸೊಪ್ಪು ತರಕಾರಿ ಹರಡಿ ಖಾರದ ಗೊಜ್ಜಿನೊಡನೆ ಕಲಸುವ ಊಟ. ಮಾಂಸ ಮತ್ತು ಮೊಟ್ಟೆಯನ್ನು ಬಿಟ್ಟು ಕೊಡಲು ಕೇಳಿ. ಬೇಸಿಗೆಯಲ್ಲಿ ಸೋಯಾ ಹಾಲಿನ ತಣ್ಣನೆಯ ನೂಡಲ್ಸ್, ಉಳಿದಂತೆ ಕುಂಬಳದ ಗಂಜಿ, ಕೆಂಪು ಅವರೆಯ ಗಂಜಿ, ಸುಟ್ಟ ಗೆಣಸು ಒಳ್ಳೆಯ ಆಸರೆ. ನಾಂಪೊ ಬೀದಿಯ ಸೀಯತ್ ಹೊತ್ತೊಕ್ ಎಂಬ ತಿನಿಸನ್ನು, ಬೆಲ್ಲದಂಥ ಕಂದು ಸಕ್ಕರೆಯ ಹೂರಣವಿಟ್ಟು ಎಣ್ಣೆಯಲ್ಲಿ ಕರಿದು, ಆಮೇಲೆ ಸೀಳಿ ಸೂರ್ಯಕಾಂತಿ, ಕುಂಬಳ ಬೀಜಗಳನ್ನು ತುಂಬಿ ಕೊಡುವ ಹೋಳಿಗೆ ಎನ್ನಬಹುದು. ಕರಿಯುವ ಎಣ್ಣೆ ಯಾವುದೆಂದು ಕೇಳಿಕೊಳ್ಳುವುದು ಮೇಲು.

ಕೊರಿಯಾದ ಬೌದ್ಧ ವಿಹಾರಗಳ ಅಡುಗೆ ಮಾಂಸ ಮೀನುಗಳನ್ನಷ್ಟೇ ಅಲ್ಲ, ಈರುಳ್ಳಿ ಜಾತಿಯ ಗಡ್ಡೆ ಸೊಪ್ಪುಗಳನ್ನೂ ಬೆಳ್ಳುಳ್ಳಿಯನ್ನೂ ದೂರವಿಡುತ್ತದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕೆನ್ನುವ ನಮ್ಮ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ವಿಹಾರದಡುಗೆ ಬಡಿಸುವ ಹೋಟೆಲುಗಳನ್ನು ಹುಡುಕಿಟ್ಟುಕೊಳ್ಳುವುದು ಬಹಳ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಊರಿಂದ ಚಟ್ನಿಪುಡಿ, ಅವಲಕ್ಕಿ, ಮೊಹರು ಹಾಕಿದ ಉಪ್ಪಿನಕಾಯಿ ಒಯ್ಯಿರಿ. ಹಸಿ ಹಣ್ಣು ತರಕಾರಿ, ಬಿತ್ತನೆ ಬೀಜ, ಮಾಂಸದ ಪದಾರ್ಥಗಳನ್ನು ಮಾತ್ರ ಒಯ್ಯಬೇಡಿ. ಬೀದಿಬೀದಿಗೂ ಇರುವ, ರಾತ್ರಿಯೂ ತೆರೆದಿರುವ ಚಿಕ್ಕ ಅಂಗಡಿಗಳಲ್ಲಿ ಬೇಯಿಸಿ ಡಬ್ಬಿಗೆ ಹಾಕಿದ ಅನ್ನ ಸಿಗುತ್ತದೆ, ಅದನ್ನು ಬಿಸಿಮಾಡಲು ಮೈಕ್ರೋವೇವ್ ಕೂಡ ಅಲ್ಲಿಯೇ ಇರುತ್ತದೆ.

ಐದನೆಯ ಹೆಜ್ಜೆ: ದಿನದಿನದ ನಡೆ

ಬಂದಿಳಿದ ದಿನ ಏನನ್ನೂ ನೋಡಲು ಹೋಗಬೇಡಿ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಟಿ-ಮನಿ ಪ್ರಯಾಣ ಕಾರ್ಡ್ ಕೊಂಡು, ಅದಕ್ಕೆ ಹಣ ತುಂಬಲು ನಗದೇ ಬೇಕಾಗುವುದರಿಂದ ಸ್ವಲ್ಪ ವೋನ್ ಬಿಡಿಸಿಕೊಂಡು, ಲಘು ರೈಲಿನಲ್ಲಿ ಸಾಸಾಂಗ್‌ಗೆ ಬಂದು, ಅಲ್ಲಿ ಎರಡನೇ ಮಾರ್ಗದ ಮೆಟ್ರೋ ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಗ್ವಾಂಗಾನ್ ತಲುಪುತ್ತೀರಿ. ನಿಲ್ದಾಣಗಳ ಹೆಸರು ನಾಲಿಗೆಗೆ ಹೊರಳದಿದ್ದರೆ ಚಿಂತೆಯಿಲ್ಲ. ಪ್ರತಿ ನಿಲ್ದಾಣಕ್ಕೂ ಸಂಖ್ಯೆಯಿದೆ, ಗ್ವಾಂಗಾನ್‌ನದು 209, ಹೇಉಂದೆಯದು 203. ಹಿರಿಯರು, ಮಕ್ಕಳು, ದೊಡ್ಡ ಪೆಟ್ಟಿಗೆಗಳು ಇದ್ದರೆ ಟ್ಯಾಕ್ಸಿಯೇ ಸರಿ. ಸಂಜೆ ದಂಡೆಯುದ್ದಕ್ಕೂ ಒಮ್ಮೆ ನಡೆದು ಬಂದು ಮಲಗಿ.

ಎರಡನೆಯ ದಿನ ಪೂರ್ವ ದಿಕ್ಕಿಗೆ. ಇಲ್ಲಿ ಒಂದು ಕ್ರಮ ಪಾಲಿಸಿದರೆ ಇಡೀ ದಿನ ಸಲೀಸಾಗುತ್ತದೆ: ಎಲ್ಲಕ್ಕಿಂತ ದೂರದ ಜಾಗಕ್ಕೆ ಮೊದಲು ಹೋಗಿ, ಮನೆಯ ಕಡೆಗೆ ನಡೆಯುತ್ತ ಬನ್ನಿ. ಬೆಳಗಿನ ಜಾವವೇ ಟ್ಯಾಕ್ಸಿಯಲ್ಲಿ ಕಡಲಬಂಡೆಗಳ ಮೇಲಿರುವ ಹೇದೋಂಗ್ ಯೊಂಗ್‌ಗುಂಗ್‌ಸಾ ವಿಹಾರಕ್ಕೆ ಹೋಗಿ. ಬಿಸಿಲೇರಿದ ಮೇಲೆ ಬಸ್ಸುಗಟ್ಟಲೆ ಜನ ಬರುವ ಈ ಜಾಗದಲ್ಲಿ ಸೂರ್ಯೋದಯದ ಹೊತ್ತಿಗೆ ಅಲೆಯ ಸದ್ದು ಕೇಳಿಸುವಷ್ಟು ಶಾಂತಿಯಿರುತ್ತದೆ. ಇದನ್ನು 1376ರಲ್ಲಿ ಸ್ಥಾಪಿಸಿದವನೆಂದು ಹೇಳಲಾಗುವ ನಾಓಂಗ್ ಎಂಬ ಭಿಕ್ಷು, ಇಂದಿನ ಬೀಜಿಂಗ್‌ನಲ್ಲಿ ಮಗಧದಿಂದ ಬಂದಿದ್ದ ಧ್ಯಾನಭದ್ರನೆಂಬ ಭಾರತೀಯ ಗುರುವಿನ ಬಳಿ ಕಲಿತವನು. 1592ರಲ್ಲಿ ಆರಂಭವಾದ ಜಪಾನೀಯರ ದಾಳಿಯಲ್ಲಿ ಮೂಲ ಕಟ್ಟಡಗಳು ನಾಶವಾದವು, ಈಗಿನವು 20ನೇ ಶತಮಾನದವು. 108 ಮೆಟ್ಟಿಲುಗಳಿರುವುದರಿಂದ ಮೊಣಕಾಲು ನೋವಿನವರು ನಿಧಾನವಾಗಿ ಇಳಿಯಲಿ. ಅಲ್ಲಿಂದ ಅಲೆಸವಾರಿ ಕಲಿಯುವವರ ನೆಚ್ಚಿನ ದಂಡೆಯಾದ ಸೋಂಗ್‌ಜೊಂಗ್‌ಗೆ ಬಂದು ಬೆಳಗಿನ ಕಾಫಿ ಮುಗಿಸಿ. ಸೋಂಗ್‌ಜೊಂಗ್‌ನಿಂದ ಹೇಉಂದೆಯ ಮಿಪೊವರೆಗೆ, ಹಿಂದೆ ರೈಲು ಓಡುತ್ತಿದ್ದ ಹಳೆಯ ಹಳಿಯ ಮೇಲೆ, 4.8 ಕಿಲೋಮೀಟರ್ ಉದ್ದಕ್ಕೆ ಕಡಲಿಗೆ ಮುಖಮಾಡಿದ ಆಸನಗಳ ಪುಟ್ಟ ರೈಲು ಓಡುತ್ತದೆ. ಕೆಂಪು ಮತ್ತು ಬಿಳಿ ದೀಪಸ್ತಂಭಗಳಿರುವ ಮೀನುಗಾರರ ಹಳ್ಳಿ ಚೊಂಗ್‌ಸಾಪೊದವರೆಗೆ ಅದರಲ್ಲಿ ಬಂದು, ಉಳಿದ ದಾರಿಯನ್ನು ಹಳಿಯ ಪಕ್ಕದ ಮರದ ಹಲಗೆಯ ಹಾದಿಯಲ್ಲಿ ನಡೆದರೆ ಚೆನ್ನ. ಈ ಭಾಗದಲ್ಲಿ ಎತ್ತರದ ಹಳಿಯ ಮೇಲೆ ನಾಲ್ಕು ಜನ ಕೂರುವ ಬಣ್ಣದ ಗೂಡುಗಳೂ ಚಲಿಸುತ್ತವೆ. ಮಕ್ಕಳಿಗೆ ಅದು ಬಲು ಇಷ್ಟವಾಗುತ್ತದೆ, ಆದರೆ ಮುಂಚಿತವಾಗಿ ಕಾಯ್ದಿರಿಸದೆ ಹೋದರೆ ಸಿಗುವುದು ಕಷ್ಟ. ಮಧ್ಯಾಹ್ನದಿಂದ ಹೇಉಂದೆ ದಂಡೆಯಲ್ಲಿ ಕುಳಿತಿರಿ, ಬೇಕೆನಿಸಿದರೆ ಸಂಜೆ ದೋಂಗ್‌ಬೇಕ್ ದ್ವೀಪವನ್ನು ಒಂದು ಸುತ್ತು ಹಾಕಿ. 2005ರಲ್ಲಿ ಏಷ್ಯಾ ಪೆಸಿಫಿಕ್ ದೇಶಗಳ ನಾಯಕರು ಸಭೆ ಸೇರಿದ ದುಂಡು ಭವನ ಅಲ್ಲಿದೆ.

ನೀರಿಗೆ ಇಳಿಯುವವರಿಗೆ ಒಂದು ಎಚ್ಚರಿಕೆಯ ಮಾತು. ಹೇಉಂದೆಯಲ್ಲಿ ದಡದಿಂದ ಒಳಸಮುದ್ರಕ್ಕೆ ಎಳೆದೊಯ್ಯುವ ಹಿಮ್ಮುಖ ಸೆಳೆತ ಆಗಾಗ ಏಳುತ್ತದೆ. ತೇಲುಗುಂಡುಗಳಿಂದ ಗುರುತಿಸಿದ ಗೆರೆಯೊಳಗೆ, ಕಾವಲಿರುವ ಹೊತ್ತಿನಲ್ಲಿ ಮಾತ್ರ ಈಜಿ. ಸೆಳೆತಕ್ಕೆ ಸಿಕ್ಕರೆ ದಡದತ್ತ ಸೆಣಸದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ.

ಮೂರನೆಯ ದಿನ ಬೆಳಗ್ಗೆ ಕಡಲಬಂಡೆಯ ಅಂಚಿನ ಇಗಿದೇ ಕಾಲುದಾರಿಗೆ ಮೀಸಲು. ಕ್ಯೊಂಗ್‌ಸೊಂಗ್ ವಿಶ್ವವಿದ್ಯಾಲಯ ನಿಲ್ದಾಣದ ಬಳಿ ಬಸ್ ಹಿಡಿದು ಒರ್ಯುಕ್ದೊ ದ್ವೀಪಗಳ ಎದುರಿನ ಗುಡ್ಡಕ್ಕೆ ಹೋಗಿ ಅಲ್ಲಿಂದ ಉತ್ತರಕ್ಕೆ ನಡೆಯಿರಿ. ಸುಮಾರು 4.7 ಕಿಲೋಮೀಟರ್, ಮೆಟ್ಟಿಲುಗಳ ಏರಿಳಿತ ಸಾಕಷ್ಟಿರುವುದರಿಂದ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಈ ದಿಕ್ಕಿನಲ್ಲಿ ನಡೆದರೆ ಗ್ವಾಂಗಾನ್ ಸೇತುವೆ ಮತ್ತು ಹೇಉಂದೆಯ ಗೋಪುರಗಳು ತಿರುವು ತಿರುವಿಗೂ ಎದುರಿಗೇ ಕಾಣುತ್ತವೆ. ವಿರುದ್ಧ ದಿಕ್ಕಿನಲ್ಲಿ ನಡೆದವರು ಅದೇ ನೋಟಕ್ಕೆ ಹಿಂದೆ ತಿರುಗಿ ತಿರುಗಿ ನಿಲ್ಲಬೇಕಾಗುತ್ತದೆ. ನೀರು ಮತ್ತು ಹಿಡಿತವಿರುವ ಬೂಟು ಮರೆಯಬೇಡಿ. ಪೂರ್ವ ಕರಾವಳಿಯುದ್ದಕ್ಕೂ ಉತ್ತರದ ಗಡಿಯವರೆಗೆ ಸಾಗುವ 750 ಕಿಲೋಮೀಟರ್‌ಗಳ ಕಾಲುದಾರಿಯ ಆರಂಭ ಕೂಡ ಇದೇ ಗುಡ್ಡದಲ್ಲಿದೆ.

ಅದೇ ದಿನ ಹತ್ತಿರದಲ್ಲಿರುವ ವಿಶ್ವಸಂಸ್ಥೆಯ ಸ್ಮಾರಕ ರುದ್ರಭೂಮಿಗೆ ಒಂದು ಗಂಟೆ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. 1951ರಲ್ಲಿ ಆರಂಭವಾದ ಇದು ಜಗತ್ತಿನಲ್ಲಿ ವಿಶ್ವಸಂಸ್ಥೆಯ ಹೆಸರಿನಲ್ಲಿರುವ ಏಕೈಕ ರುದ್ರಭೂಮಿ. ಕೊರಿಯಾ ಯುದ್ಧದಲ್ಲಿ ಮಡಿದ 2,300ಕ್ಕೂ ಹೆಚ್ಚು ಸೈನಿಕರು ಇಲ್ಲಿ ಮಲಗಿದ್ದಾರೆ. ಆ ಯುದ್ಧಕ್ಕೆ ಭಾರತ ಹೋರಾಡುವ ಪಡೆಯನ್ನು ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರ್‌ನಲ್ಲಿ ಇದೇ ಬುಸಾನ್ ಬಂದರಿಗೆ ಬಂದಿಳಿಯಿತು. ಯುದ್ಧವಿರಾಮದ ನಂತರ ಊರಿಗೆ ಮರಳಲು ಒಪ್ಪದ ಸೆರೆಯಾಳುಗಳ ಸೂಕ್ಷ್ಮ ಸಮಸ್ಯೆಯನ್ನು ಬಿಡಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಕನ್ನಡ ನಾಡಿನಿಂದ ಹೋದವರು ಈ ಹುಲ್ಲುಹಾಸಿನ ಮುಂದೆ ಮೌನವಾಗಿ ನಿಲ್ಲುವುದಕ್ಕೆ ಇಷ್ಟು ಕಾರಣ ಸಾಕು.

ನಾಲ್ಕನೆಯ ದಿನ ಪಶ್ಚಿಮದ ಹಳೆಯ ಊರು. ಎರಡನೇ ಮಾರ್ಗದಲ್ಲಿ ಸೊಮ್ಯೊನ್‌ವರೆಗೆ ಹೋಗಿ ಒಂದನೇ ಮಾರ್ಗಕ್ಕೆ ಬದಲಿಸಿ ತೊಸೊಂಗ್‌ನಲ್ಲಿ ಇಳಿದು, ಅಲ್ಲಿಂದ ಚಿಕ್ಕ ಬಸ್ಸಿನಲ್ಲಿ ಗಮ್‌ಚೊನ್‌ಗೆ ಏರಿ. ಯುದ್ಧಕಾಲದ ನಿರಾಶ್ರಿತರು ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಕೊಂಡ ಈ ಬಡವರ ಬಡಾವಣೆ, 2009ರಿಂದ ಕಲಾವಿದರ ಯೋಜನೆಗಳ ಮೂಲಕ ಬಣ್ಣ ಬಳಿದುಕೊಂಡು ಪ್ರಸಿದ್ಧವಾಯಿತು. ಇಂದಿಗೂ ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಕಿಟಕಿಯೊಳಗೆ ಕ್ಯಾಮೆರಾ ತೂರಿಸದೆ, ದನಿ ತಗ್ಗಿಸಿ ನಡೆಯುವುದು ಕನಿಷ್ಠ ಸೌಜನ್ಯ. ಅಲ್ಲಿಂದ ಇಳಿದು ಜಗಲ್ಚಿ ಮೀನು ಮಾರುಕಟ್ಟೆ, ಗುಕ್ಜೆ ಸಂತೆ, ಬೊಸು-ದೋಂಗ್‌ನ ಹಳೆ ಪುಸ್ತಕಗಳ ಓಣಿ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ. ಜಗಲ್ಚಿಗೆ ತಿಂಗಳಿನ ಕೆಲವು ಮಂಗಳವಾರ ರಜೆ ಇರುತ್ತದೆ.

ಐದನೆಯ ದಿನ ಖಾಲಿ ಬಿಡಿ. ಮಳೆ ಬಂದ ದಿನಕ್ಕೆ ಇದನ್ನು ಅದಲುಬದಲು ಮಾಡಿಕೊಳ್ಳಬಹುದು. ಏನಾದರೂ ಬೇಕೆನಿಸಿದರೆ ಒನ್‌ಚೊನ್‌ಜಾಂಗ್‌ನ ಬಿಸಿನೀರಿನ ಸ್ನಾನಗೃಹಗಳಿಗೆ ಹೋಗಿ. ಪ್ರಾಚೀನ ಕೊರಿಯಾದ ಸಿಲ್ಲಾ ರಾಜರ ಕಾಲದಿಂದ ಹೆಸರಾದ ದೋಂಗ್ನೆ ಬುಗ್ಗೆಗಳು ಅವು. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಕೊಳಗಳಿದ್ದು ಒಳಗೆ ಬಟ್ಟೆ ಧರಿಸುವಂತಿಲ್ಲ, ಕೊಳಕ್ಕೆ ಇಳಿಯುವ ಮೊದಲು ಮೈ ತೊಳೆಯಲೇಬೇಕು. ಇದಕ್ಕೆ ಸಂಕೋಚಪಡುವವರಿಗೆ ಅದೇ ಬಡಾವಣೆಯಲ್ಲಿ ಬಯಲಲ್ಲೇ ಕಾಲು ಅದ್ದಿ ಕೂರುವ ಕೊಳವಿದೆ.

ಆರನೆಯ ದಿನ ಉತ್ತರದ ಬೆಟ್ಟ. 678ರಲ್ಲಿ ಉಯಿಸಾಂಗ್ ಎಂಬ ಆಚಾರ್ಯ ಸ್ಥಾಪಿಸಿದ ಬೊಮೊಸಾ ವಿಹಾರ ಗುಮ್‌ಜೊಂಗ್ ಬೆಟ್ಟದ ಮಡಿಲಲ್ಲಿದೆ. ಒಂದನೇ ಮಾರ್ಗದ ಬೊಮೊಸಾ ನಿಲ್ದಾಣದಿಂದ 90ನೇ ಸಂಖ್ಯೆಯ ಬಸ್ ಹತ್ತಿದರೆ ಬಾಗಿಲಿಗೇ ಬಿಡುತ್ತದೆ. ಕಾಲಲ್ಲಿ ಬಲವಿರುವವರು ಅಲ್ಲಿಂದ ಹಳೆಯ ಕೋಟೆಯ ಉತ್ತರ ಬಾಗಿಲಿನವರೆಗೆ ಹತ್ತಬಹುದು. ಒಂದು ರಾತ್ರಿ ವಿಹಾರದಲ್ಲೇ ತಂಗಿ ಭಿಕ್ಷುಗಳ ದಿನಚರಿಯಲ್ಲಿ ಪಾಲ್ಗೊಳ್ಳುವ ವ್ಯವಸ್ಥೆಯೂ ಇದೆ. ಅದನ್ನು ಮೊದಲೇ ಕಾಯ್ದಿರಿಸಬೇಕು.

ತೇಜೋಂಗ್‌ದೇ ಕಡಲಬಂಡೆಗಳನ್ನೂ ಸೋಂಗ್‌ದೊ ದಂಡೆಯ ಕೇಬಲ್ ಕಾರನ್ನೂ ಗ್ಯೊಂಗ್‌ಜು ಪ್ರವಾಸವನ್ನೂ ನಾನು ಬೇಕೆಂದೇ ಬಿಟ್ಟಿದ್ದೇನೆ. ಅವು ನೋಡತಕ್ಕವೇ, ಆದರೆ ಅವುಗಳನ್ನು ಸೇರಿಸಿದ ಕೂಡಲೇ ಮಧ್ಯಾಹ್ನಗಳು ಕೈಬಿಟ್ಟುಹೋಗುತ್ತವೆ.

ಏಳನೆಯ ದಿನ ಸಂಜೆ ಅಥವಾ ರಾತ್ರಿಯ ವಿಮಾನವಿದ್ದರೆ ಮಾತ್ರ ಗಿಮ್ಹೇ ಊರಿಗೆ ಹೋಗಿ. ಬಂದ ದಿನ ಹತ್ತಿದ್ದ ಲಘು ರೈಲೇ ವಿಮಾನ ನಿಲ್ದಾಣವನ್ನು ದಾಟಿ ಸುರೊ ರಾಜನ ಸಮಾಧಿಯ ನಿಲ್ದಾಣಕ್ಕೆ ಹೋಗುತ್ತದೆ. 13ನೇ ಶತಮಾನದಲ್ಲಿ ಇರ್ಯೊನ್ ಎಂಬ ಭಿಕ್ಷು ಸಂಕಲಿಸಿದ ಸಾಮ್‌ಗುಕ್ ಯುಸಾ ಗ್ರಂಥದ ಪ್ರಕಾರ, ಗಾಯಾ ರಾಜ್ಯವನ್ನು ಸ್ಥಾಪಿಸಿದ ಈ ರಾಜನ ಪತ್ನಿ ಹೊ ಹ್ವಾಂಗ್‌ಒಕ್ ದೂರದ ಆಯುತ ದೇಶದಿಂದ ಹಡಗಿನಲ್ಲಿ ಬಂದವಳು. ಆಯುತವನ್ನು ಅಯೋಧ್ಯೆಯೆಂದು ಗುರುತಿಸುವವರು ಬಹಳ ಮಂದಿ. ಇತಿಹಾಸಕಾರರಲ್ಲಿ ಇದಕ್ಕೆ ಒಮ್ಮತವಿಲ್ಲ. ರಾಣಿಯ ಸಮಾಧಿಯ ಬಳಿ, ಅವಳು ಹಡಗಿನಲ್ಲಿ ತಂದಳೆಂದು ನಂಬಲಾದ ಕೆಂಪು ಛಾಯೆಯ ಕಲ್ಲುಗಳ ಪುಟ್ಟ ಸ್ತೂಪವೊಂದಿದೆ. ಹೋಗುವಾಗಲೇ ದೊಡ್ಡ ಪೆಟ್ಟಿಗೆಗಳನ್ನು ವಿಮಾನ ನಿಲ್ದಾಣದಲ್ಲಿ ಇಳಿದು ಇರಿಸಿ ಮುಂದುವರಿಯಿರಿ. ಮರಳುವಾಗ ಕಾರ್ಡಿನಲ್ಲಿ ಉಳಿದ ಹಣವನ್ನು ಅಂಗಡಿಯಲ್ಲಿ ಹಿಂಪಡೆದು, ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ವಾರದ ನಡುವೆ ಯಾವಾಗಲಾದರೂ ತೊಂದರೆಯಾದರೆ ಪೊಲೀಸರಿಗೆ 112, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119, ಇಂಗ್ಲಿಷಿನಲ್ಲಿ ನೆರವು ನೀಡುವ ಪ್ರವಾಸಿ ಸಹಾಯವಾಣಿಗೆ 1330. ಈ ಮೂರು ಸಂಖ್ಯೆಗಳನ್ನು ಬಂದ ದಿನವೇ ಮನೆಯವರೆಲ್ಲರ ಫೋನಿನಲ್ಲೂ ಬರೆದಿಡಿ.